ಅರ್ಧ ಕತ್ತರಿಸಿದ ಬೈಗುಳ

1984ರಲ್ಲಿ ಬಿಬಿಸಿ ರೇಡಿಯೋದವರಿಗೆ ಒಂದು ಬೈಗುಳ ಸ್ವಲ್ಪ ತಡವಾಗಿ ಅರ್ಥವಾಯಿತು. ಲಂಡನ್ನಿನ ಕಿಂಗ್ಸ್ ಕ್ರಾಸ್ ಸುತ್ತಮುತ್ತ ಹುಟ್ಟಿ, ಪಬ್ಬುಗಳಲ್ಲಿ ಹಾಡಿಕೊಂಡಿದ್ದ ಒಂದು ತಂಡ ಆ ವರ್ಷ ತನ್ನ ಮೊದಲ ಹಾಡನ್ನು ಹೊರತಂದಿತ್ತು. ತಂಡದ ಹೆಸರು ‘ಪೋಗ್ ಮಹೋನ್’. ನೋಡುವುದಕ್ಕೆ ಯಾರೋ ಐರಿಷ್ ಯಜಮಾನರ ಹೆಸರಿನಂತಿದೆ. ಪೋಗ್ ಎಂಬ ಮನೆತನವೂ ಉಂಟು, ಮಹೋನ್ ಎಂಬ ಮನೆತನವೂ ಉಂಟು. ಇಂಗ್ಲಿಷ್ ಕಿವಿಗೆ ಅದರಲ್ಲಿ ಏನೂ ಎಡವಟ್ಟು ಕಾಣಲಿಲ್ಲ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಬಲ್ಲ ಕೇಳುಗರು ಮಾತ್ರ ಬೆಚ್ಚಿಬಿದ್ದರು, ದೂರು ಹೋಯಿತು. ಜನರ ದುಡ್ಡಿನ ರೇಡಿಯೋ ಊರಿಗೆಲ್ಲ ಕೇಳುವಂತೆ ‘ನನ್ನ ಅಂಡಿಗೊಂದು ಮುತ್ತಿಡು’ ಎನ್ನುತ್ತಿತ್ತು!

ಐರಿಷಿನಲ್ಲಿ ಅದು ಮೂರು ಪದ. ‘ಪೋಗ್’ ಅಂದರೆ ಮುತ್ತು, ‘ಮೊ’ ಅಂದರೆ ನನ್ನ, ‘ತೋನ್’ ಅಂದರೆ ಅಂಡು. ‘ಮೊ’ ಬಂದು ಪಕ್ಕದಲ್ಲಿ ಕೂತರೆ ಆಚೆಗಿನ ತಕಾರ ಹಕಾರವಾಗುತ್ತದೆ, ನಮ್ಮ ಮಳೆಯ ಪಕ್ಕದ ಕಾಲ ‘ಗಾಲ’ ಆಗುವ ಹಾಗೆ. ಹೀಗೆ ಹುಟ್ಟಿದ ‘ಮೊ ಹೋನ್’ ಇಂಗ್ಲಿಷ್ ಕಾಗುಣಿತಕ್ಕೆ ಸಿಕ್ಕಿ ‘ಮಹೋನ್’ ಆಯಿತು. ತಂಡದವರು ಇದನ್ನು ತಾವೇ ಹೆಣೆದದ್ದೇನಲ್ಲ. ಜೇಮ್ಸ್ ಜಾಯ್ಸ್ 1922ರ ‘ಯೂಲಿಸಿಸ್’ ಕಾದಂಬರಿಯಲ್ಲೇ ಇದೇ ವೇಷದಲ್ಲಿ ಅದನ್ನು ನುಸುಳಿಸಿದ್ದ. ಐರಿಷ್ ಬಂಡುಕೋರರ ಐಆರ್‌ಎ ಬಾಂಬುಗಳ ಆ ಕಾಲದಲ್ಲಿ ಲಂಡನ್ನಿನಲ್ಲಿ ಐರಿಷ್ ಉಚ್ಚಾರವಿದ್ದವರ ಮೇಲೆ ಪೊಲೀಸರಿಗೂ ನೆರೆಯವರಿಗೂ ಒಂದು ಕಣ್ಣು. ಅಂಥ ಊರಿನಲ್ಲಿ ನಿಂತು, ಬೈಸಿಕೊಂಡವರಿಗೇ ತಿಳಿಯದ ಹಾಗೆ ಬೈಯುವುದರಲ್ಲಿ ಎಂಥ ಖುಷಿಯಿತ್ತೋ!

ಆ ದೂರಿನಿಂದ ಹೆಸರಿಗೆ ಕತ್ತರಿ ಬಿತ್ತು. ಮಹೋನ್ ಹೋಯಿತು, ಉಳಿದ ತುಂಡಿಗೆ ಇಂಗ್ಲಿಷ್ ಬಹುವಚನ ಅಂಟಿತು, ತಂಡ ‘ದ ಪೋಗ್ಸ್’ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಮೊದಲ ಆಲ್ಬಂ ‘ರೆಡ್ ರೋಸಸ್ ಫಾರ್ ಮಿ’ ಮೇಲೆ ಇದ್ದದ್ದು ಈ ತುಂಡು ಹೆಸರೇ. ಹಾಡುಗಾರ ಶೇನ್ ಮ್ಯಾಕ್‌ಗವನ್‌ಗೆ ಇದು ಮೊದಲ ಕತ್ತರಿಯೂ ಅಲ್ಲ. ಪಂಕ್ ಅಬ್ಬರದ 1976ರಲ್ಲಿ ಶುರುವಾದ ಅವನ ಹಳೆಯ ತಂಡ ‘ನಿಪಲ್ ಇರೆಕ್ಟರ್ಸ್’ ಕೂಡ ಕೊನೆಗೆ ‘ದ ನಿಪ್ಸ್’ ಎಂದು ಮೊಟಕಾಗಿತ್ತು. ಅದರ ಅರ್ಥ ಇಲ್ಲಿ ಬಿಡಿಸಿ ಹೇಳುವುದು ಬೇಡ.

ತಮಾಷೆ ಏನೆಂದರೆ, ಕತ್ತರಿ ಹಾಕಿದವರು ಪದಕ್ಕೆ ಅದರ ತವರುಮನೆಯ ದಾರಿ ತೋರಿಸಿದರು. ‘ಪೋಗ್’ ಐರಿಷಿಗೆ ಬಂದದ್ದು ಲ್ಯಾಟಿನ್ನಿನಿಂದ, ‘ಶಾಂತಿ’ ಎಂಬರ್ಥದ ‘ಪಾಕ್ಸ್’ ಪದದ ‘ಪಾಕೆಮ್’ ಎಂಬ ರೂಪದಿಂದ. ಕ್ರೈಸ್ತ ಪೂಜೆಯ ನಡುವೆ ಭಕ್ತರು ಒಬ್ಬರಿಗೊಬ್ಬರು ಕೊಡುತ್ತಿದ್ದ ಶಾಂತಿಯ ಮುತ್ತು ಅದು. ಪಾದ್ರಿಗಳ ಬಾಯಿಂದ ಹಳೆಯ ಐರಿಷಿಗೆ ‘ಪೋಕ್’ ಎಂದು ಇಳಿಯಿತು, ಶಾಂತಿ ಕಳಚಿ ಬರೀ ಮುತ್ತು ಉಳಿಯಿತು. ತಾಯಿ ಮಗುವಿಗೆ ಕೊಡುವುದೂ ಅದೇ, ನಲ್ಲ ನಲ್ಲೆಗೆ ಕೊಡುವುದೂ ಅದೇ, ಜಗಳದಲ್ಲಿ ಎದುರಾಳಿಯಿಂದ ಕೇಳುವುದೂ ಅದೇ. ಗರ್ಭಗುಡಿಯಿಂದ ಹೆಂಡದಂಗಡಿಯವರೆಗೆ ಇಷ್ಟು ಸಲೀಸಾಗಿ ಓಡಾಡಿದ ಪದಗಳು ಕಡಿಮೆ. ನಮ್ಮಲ್ಲಿ ‘ಮುಂಡೆ’ ಎಂಬ ಕ್ರೂರ ಬೈಗುಳ ಹಳೇ ಮೈಸೂರಿನ ಅಜ್ಜಿಯರ ಬಾಯಲ್ಲಿ ‘ಮುಂಡೇದೇ, ಊಟಕ್ಕೆ ಬಾ’ ಎಂದು ಮುದ್ದಾಗಿದೆಯಲ್ಲ, ಪೋಗ್ ಆ ದಾರಿಯನ್ನೇ ಉಲ್ಟಾ ನಡೆದುಕೊಂಡು ಬಂದಿದೆ.

ಇಷ್ಟೆಲ್ಲ ಹೇಳಬೇಕಾದದ್ದು ಅಭಿಮಾನಿಗಳ ಜಗಳದಿಂದ. ಜನಪದ ಹಾಡನ್ನು ಪಂಕ್ ವೇಗದಲ್ಲಿ ಬಾರಿಸುವ ತಂಡಗಳ ಅಭಿಮಾನಿಗಳಿಗೆ ‘ಅಸಲಿ’ ಎಂಬ ಮಾತು ಮೈಮೇಲೆ ಬಂದ ದೇವರಿದ್ದಂತೆ. ಅಸಲಿ ಹೆಸರು ಯಾವುದು, ಅಸಲಿ ಸದ್ದು ಯಾವುದು, ಎಲ್ಲಿಂದ ಕೆಟ್ಟಿತು? ಪೋಗ್ಸ್ ವಿಷಯದಲ್ಲಿ ಈ ತಕರಾರು ಎರಡೂ ಕಡೆಯಿಂದ ಬಂತು. ಸಂಪ್ರದಾಯದವರಿಗೆ ಮೊದಲ ದಿನದಿಂದಲೇ ಇದು ಐರಿಷ್ ಸಂಗೀತಕ್ಕೆ ಮಾಡಿದ ಅಪಚಾರ. ಪಂಕ್ ಹುಡುಗರಿಗೆ ತಂಡ ನುಡಿಸುವುದನ್ನು ಚೆನ್ನಾಗಿ ಕಲಿತದ್ದೇ ಅಪಚಾರ.

ಆ ಮೊದಲ ಸದ್ದನ್ನು ಹತ್ತಿರದಿಂದ ನೋಡಿ. ಡ್ರಮ್ಮರ್ ಆ್ಯಂಡ್ರೂ ರ್‍ಯಾಂಕನ್ ಎರಡೇ ಡ್ರಮ್ಮು ಇಟ್ಟುಕೊಂಡು ನಿಂತೇ ಬಡಿಯುತ್ತಿದ್ದ. ಜೆಮ್ ಫೈನರ್ ಬ್ಯಾಂಜೋ, ಜೇಮ್ಸ್ ಫರ್ನ್ಲಿ ಅಕಾರ್ಡಿಯನ್. ತಗಡಿನ ಪೀಪಿ ಊದುತ್ತಿದ್ದ ಸ್ಪೈಡರ್ ಸ್ಟೇಸಿ ನಡುನಡುವೆ ಬಿಯರ್ ತಟ್ಟೆ ಎತ್ತಿ ತನ್ನ ತಲೆಗೇ ತಾಳಕ್ಕೆ ಸರಿಯಾಗಿ ಬಡಿದುಕೊಳ್ಳುತ್ತಿದ್ದ. ಧ್ವನಿಮುದ್ರಣದಲ್ಲಿ ಆ ತಟ್ಟೆಯ ಸದ್ದಿಗಿಂತ ಅದನ್ನು ಕಣ್ಣಾರೆ ಕಂಡವರ ನೆನಪೇ ಜೋರು. ‘ಅಸಲಿ ಪೋಗ್ಸ್’ ಎಂದು ಕೆಲವರು ಈಗಲೂ ಹೇಳುವುದು ಈ ತಟ್ಟೆಯ ಪೋಗ್ಸನ್ನೇ.

ತಂಡ ತಟ್ಟೆಯಲ್ಲೇ ನಿಲ್ಲಲಿಲ್ಲ. 1985ರ ಆಲ್ಬಮ್ಮನ್ನು ಗಾಯಕ ಎಲ್ವಿಸ್ ಕಾಸ್ಟೆಲೋ ನಿರ್ಮಿಸಿದ. 1987ರಲ್ಲಿ ಗಾಯಕಿ ಕರ್ಸ್ಟಿ ಮೆಕಾಲ್ ಜತೆಗಿನ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇರಿತು. ಅದರಲ್ಲಿರುವುದು ಗಂಡುಹೆಣ್ಣಿನ ಬೈದಾಟ. ಹೆಸರಿನಿಂದ ಕತ್ತರಿಸಿದ ಬೈಗುಳ ಹಾಡಿನಲ್ಲಿ ಬಂದು ಕೂತಿತ್ತು. 2007ರಲ್ಲಿ ಬಿಬಿಸಿ ರೇಡಿಯೋ 1 ಆ ಹಾಡಿನ ಬೈಗುಳಕ್ಕೂ ಕತ್ತರಿ ಹಾಕಿ, ಜನ ರೇಗಿದ ಮೇಲೆ ಅದೇ ದಿನ ವಾಪಸ್ ಹೊಲಿಯಿತು. 1989ರ ‘ಪೀಸ್ ಅಂಡ್ ಲವ್’ ಶುರುವಾಗುವುದೇ ಜಾಝ್ ತುಣುಕಿನಿಂದ, ಮರುವರ್ಷದ ಆಲ್ಬಮ್ಮಿನಲ್ಲಿ ಸಯಾಮ್ ದೇಶದ ಬೇಸಿಗೆಯ ಹಾಡು. ಹಳಬರು ಮೂಗು ಮುರಿದರು. ನನಗೆ ‘ಪೀಸ್ ಅಂಡ್ ಲವ್’ನಲ್ಲಿ ಕೇಳುವ ಕೊರತೆ ಜಾಝಿನದಲ್ಲ, ಶೇನ್‌ನ ಗಂಟಲಿನದು. ಕುಡಿತ ಅವನನ್ನು ತಿಂದುಹಾಕುತ್ತಿತ್ತು. 1991ರಲ್ಲಿ ಜಪಾನ್ ಪ್ರವಾಸದ ನಡುವೆ ತಂಡ ಅವನನ್ನು ಕೈಬಿಟ್ಟಿತು.

ಆಮೇಲೆ ಹೆಸರುಗಳ ಆಟ ಇನ್ನೂ ಚೆನ್ನಾಗಿದೆ. ಶೇನ್ ಕಟ್ಟಿದ ಹೊಸ ತಂಡ ‘ದ ಪೋಪ್ಸ್’. ಪೋಗ್ಸಿನಲ್ಲಿ ಒಂದೇ ಅಕ್ಷರ ಬದಲಾಯಿಸಿ ನೇರ ರೋಮಿಗೆ! ಇತ್ತ ಅವನಿಲ್ಲದ ಪೋಗ್ಸ್ ಎರಡು ಆಲ್ಬಂ ಮಾಡಿತು, 1996ರಲ್ಲಿ ಬಂದ ಕೊನೆಯದಕ್ಕೆ ‘ಪೋಗ್ ಮಹೋನ್’ ಎಂದೇ ಹೆಸರಿಟ್ಟಿತು. ಅಸಲಿ ಹೆಸರು ಬೇಕೆಂದವರಿಗೆ ಅಸಲಿ ಹೆಸರು ಸಿಕ್ಕಿತು, ಆದರೆ ಕೊಂಡವರು ಕಡಿಮೆ. ನನ್ನ ಲೆಕ್ಕದಲ್ಲಿ ತಂಡದ ಅತಿ ಸಪ್ಪೆ ಆಲ್ಬಂ ಅದು, ಅದೇ ವರ್ಷ ತಂಡವೂ ಮುಚ್ಚಿತು. ಬೈಗುಳ ಪೂರ್ತಿ ಇದ್ದರೂ ಬೈಯುವವನು ಇರಲಿಲ್ಲ.

ಅಮೆರಿಕದಲ್ಲಿ ನಡೆದ ಇನ್ನೊಂದು ಹೆಸರು ಬದಲಾವಣೆ ಬೇರೆ ಬಗೆಯದು. ಅರಿಜೋನಾದ ಫೀನಿಕ್ಸಿನಲ್ಲಿ ಹುಟ್ಟಿದ ‘ಆ್ಯಂಡ್ರೂ ಜಾಕ್ಸನ್ ಜಿಹಾದ್’ ಎಂಬ ತಂಡ 2016ರಲ್ಲಿ ‘ಎಜೆಜೆ’ ಆಯಿತು. ಬಿಬಿಸಿಯಂಥವರು ಯಾರೂ ಕತ್ತರಿ ಹಿಡಿದು ಬಂದಿರಲಿಲ್ಲ. ತಾವು ಮುಸ್ಲಿಮರಲ್ಲ, ಆ ಪದವನ್ನು ಹಗುರವಾಗಿ ಬಳಸುವುದು ಸರಿಯಲ್ಲ, ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಅಧ್ಯಕ್ಷ ಜಾಕ್ಸನ್‌ನ ನೆನಪನ್ನು ಹೊತ್ತು ತಿರುಗುವುದೂ ಬೇಡ ಎಂದು ಅವರೇ ಹೇಳಿಕೊಂಡರು. ಅಭಿಮಾನಿಗಳು ಅದಕ್ಕೂ ಮುಂಚೆಯೇ ಬಾಯಲ್ಲಿ ‘ಎಜೆಜೆ’ ಎಂದೇ ಕರೆಯುತ್ತಿದ್ದರು, ಆದರೂ ಕೆಲವರಿಗೆ ಸಿಟ್ಟು. ಹೆಸರು ಹೋಯಿತು, ಗಿಟಾರಿನ ಆ ಬೋಳು ಸದ್ದೂ ಹೋಯಿತು ಎಂದು ಎರಡನ್ನೂ ಒಂದೇ ಗಂಟು ಕಟ್ಟಿ ಗೊಣಗಿದರು. ಆದರೆ ಸದ್ದು ಬದಲಾಗತೊಡಗಿದ್ದು ಹೆಸರು ಬದಲಾಗುವ ಮುಂಚೆಯೇ.

ಶೇನ್ 2023ರ ನವೆಂಬರ್ 30ರಂದು ತೀರಿಕೊಂಡ. ಟಿಪ್ಪೆರರಿಯ ನೀನಾ ಪಟ್ಟಣದ ಚರ್ಚಿನಲ್ಲಿ ಅಂತ್ಯಪೂಜೆ, ಪೀಠದ ಪಕ್ಕದಲ್ಲೇ ‘ಫೇರಿಟೇಲ್’ ಹಾಡಿದರು, ಜನ ಎದ್ದು ಕುಣಿದರು. ಮರುವರ್ಷ ತಂಡದ ಹಳಬರಾದ ಸ್ಟೇಸಿ, ಫೈನರ್, ಫರ್ನ್ಲಿ ಮೊದಲ ಆಲ್ಬಮ್ಮಿನ 40ನೇ ವರ್ಷಕ್ಕೆ ಲಂಡನ್ನಿನ ಹ್ಯಾಕ್ನಿ ಎಂಪೈರಿನಲ್ಲಿ ಅದನ್ನೇ ನುಡಿಸಿದರು. 2025ರಲ್ಲಿ ಎರಡನೆಯದನ್ನು ಹೊತ್ತು ಊರೂರು ತಿರುಗಿದರು, ಶೇನ್‌ನ ಜಾಗದಲ್ಲಿ ಕಿರಿಯ ಗಾಯಕ ಗಾಯಕಿಯರು ಸರದಿಯಲ್ಲಿ ಹಾಡಿದರು. ಅವನಿಲ್ಲದ ಮೇಲೆ ‘ದ ಪೋಗ್ಸ್’ ಎಂದು ಟಿಕೆಟ್ ಮಾರಬಹುದೇ ಎಂಬ ಜಗಳ ಮತ್ತೆ ಎದ್ದಿದೆ. ಮಾರಲಿ ಬಿಡಿ ಎನ್ನುವ ಪಕ್ಷ ನನ್ನದು. ಆದರೆ ಹಳೆಯ ಪೂರ್ತಿ ಹೆಸರನ್ನು ಮಾತ್ರ ಇನ್ನೊಮ್ಮೆ ತರುವುದು ಬೇಡ, 1996ರಲ್ಲಿ ಒಮ್ಮೆ ಕೇಳಿದ್ದೇವೆ.