ಎರಡು ಮುಖದ ಕಟ್ಟಡ: ಮೈಸೂರಿನ ದೇವರಾಜ ಮಾರುಕಟ್ಟೆ

ಬೆಂಗಳೂರಿನ ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಬೆಳಗಿನ ಜಾವ ಹೋದವರ ಕಣ್ಣಿಗೆ ಬೀಳುವುದು ಲಾರಿಗಳು, ಕಟ್ಟಡವಲ್ಲ. ಈರುಳ್ಳಿ, ಆಲೂಗಡ್ಡೆ ಮೂಟೆ ಇಳಿಸಲು ಬೇಕಾದಷ್ಟು ಅಗಲದ ದಾರಿ, ಪಕ್ಕದಲ್ಲಿ ಗೋದಾಮು. ಅಲ್ಲಿನ ವಾಸ್ತುವನ್ನು ನಿರ್ಧರಿಸಿದ್ದು ಲಾರಿಯ ಅಳತೆ. ತಲೆಹೊರೆ, ಎತ್ತಿನಗಾಡಿಗಳ ಕಾಲದಲ್ಲಿ ಹುಟ್ಟಿದ ಮೈಸೂರಿನ ದೇವರಾಜ ಮಾರುಕಟ್ಟೆಯ ಲೆಕ್ಕವೇ ಬೇರೆ. ಅದನ್ನು ಹೊಗಳುವವರು ಸಾಮಾನ್ಯವಾಗಿ ಅದರ ಕಮಾನುಗಳನ್ನು ತೋರಿಸುತ್ತಾರೆ. ನನ್ನ ಮಟ್ಟಿಗೆ ಅದರ ಜಾಣತನವಿರುವುದು ನಕ್ಷೆಯಲ್ಲಿ.

ಹೆಸರು ದೊಡ್ಡ ದೇವರಾಜ ಒಡೆಯರದು (1659–1673). ಕಟ್ಟಡ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದ್ದು. 1886 ಎಂಬ ಇಸವಿ ರೂಢಿಯಲ್ಲಿದೆ. ಆದರೆ ಇದು ಒಂದೇ ಏಟಿಗೆ ಕಟ್ಟಿ ಮುಗಿಸಿದ್ದಲ್ಲ. ವ್ಯಾಪಾರ ಹೆಚ್ಚಿದಂತೆ ಮಳಿಗೆ ಸಾಲುಗಳು ಇಪ್ಪತ್ತನೆಯ ಶತಮಾನಕ್ಕೂ ಚಾಚಿಕೊಂಡವು.

ಎದುರಿನ ಸಯ್ಯಾಜಿರಾವ್ ರಸ್ತೆಯ ಜಾಗದಲ್ಲಿ ಮೊದಲಿದ್ದುದು ದಿವಾನ ಪೂರ್ಣಯ್ಯನ ನಾಲೆ. ಕಾವೇರಿ ನೀರನ್ನು ಮೈಸೂರಿಗೆ ತರುವ ದಿವಾನರ ಯೋಜನೆ ಕೈಗೂಡದೆ, ತೋಡಿದ ಕಾಲುವೆ ಊರ ನಡುವೆ ಹಳ್ಳವಾಗಿ ಉಳಿದಿತ್ತು. ಅದನ್ನು ಮುಚ್ಚಿದ ಮೇಲೆ ಬಂದದ್ದು ಈ ರಸ್ತೆ. ದಸರೆಯ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವುದು ಇದರಲ್ಲೇ. ಅಂಬಾರಿ ಹೋಗುವ ದಾರಿಯಲ್ಲಿ ಕೊಳೆತ ಸೊಪ್ಪಿನ ರಾಶಿ ಕಾಣಬಾರದಲ್ಲ! ಹಾಗಾಗಿ ರಸ್ತೆಯ ಉದ್ದಕ್ಕೂ ಒಂದೇ ಎತ್ತರದ ಮಳಿಗೆಗಳ ಸಾಲು. ಮೈಸೂರ್‌ಪಾಕಿಗೆ ಹೆಸರಾದ, ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶಸ್ಥರ ಗುರು ಸ್ವೀಟ್ ಮಾರ್ಟ್ ಇರುವುದೂ ಈ ಸಾಲಿನಲ್ಲೇ. ಇದು ಒಂದು ಮುಖ.

ಇನ್ನೊಂದು ಮುಖ ಕಾಣಲು ದಕ್ಷಿಣದಲ್ಲಿ ಚಿಕ್ಕ ಗಡಿಯಾರದ ಗೋಪುರದ ಕಡೆಯಿಂದ ಒಳಹೊಗಬೇಕು. ಉತ್ತರದ ಬಾಗಿಲು ಧನ್ವಂತರಿ ರಸ್ತೆಗೆ. ಇವೆರಡರ ನಡುವೆ ಉದ್ದನೆಯ ಓಣಿಗಳು, ಅಂಗಡಿಗಳ ಜಗಲಿಗಳು. ಕುಂಕುಮದ ಗೋಪುರಗಳು, ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಒಂದೊಂದೂ ತನ್ನ ಜಾಗ ಹಿಡಿದಿದೆ. ಹೊರೆ ಹೊತ್ತವನು ಎಲ್ಲೂ ಮೆಟ್ಟಿಲು ಹತ್ತಿ ಮಹಡಿಗೆ ಹೋಗಬೇಕಿಲ್ಲ.

ಇಂಗ್ಲೆಂಡಿನ ಸಂತೆಪಟ್ಟಣಗಳಲ್ಲಿ ಕ್ರಮ ಬೇರೆ. ಅಬಿಂಗ್ಡನ್ನಿನಲ್ಲಿ 1678ರಲ್ಲಿ ಕಟ್ಟಲಾರಂಭಿಸಿದ ಕೌಂಟಿ ಹಾಲ್ ಚೌಕದಲ್ಲಿ ಎದ್ದುನಿಂತಿದೆ: ಕೆಳಗೆ ತೆರೆದ ಕಮಾನುಗಳಲ್ಲಿ ವ್ಯಾಪಾರ, ಮೇಲೆ ನ್ಯಾಯಾಲಯ. ಅಧಿಕಾರ ವ್ಯಾಪಾರದ ತಲೆಯ ಮೇಲೆ ಕೂತಿದೆ. ಮೈಸೂರಿನಲ್ಲಿ ಅದು ಹೊರಗೆ ನಿಂತಿದೆ, ವೈಸ್‌ರಾಯ್ ಡಫರಿನ್ ಹೆಸರಿನ ಗಡಿಯಾರದ ಗೋಪುರವಾಗಿ. ಅದನ್ನು ಜನ ಚಿಕ್ಕ ಗಡಿಯಾರ ಎಂದೇ ಕರೆದರು. ಡಫರಿನ್ ಯಾರಿಗೂ ಬೇಕಾಗಲಿಲ್ಲ.

ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳ ಕಟ್ಟಡಕ್ಕೆ ನೀರೇ ಶತ್ರು. ಅದು ಒಳನುಗ್ಗಲು ತಾರಸಿಯಲ್ಲಿ ಬೇರುಬಿಟ್ಟ ಒಂದು ಅರಳಿ ಸಸಿ ಸಾಕು. ಸುಣ್ಣದ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ತೊಲೆಯ ತುದಿ ಕೊಳೆಯುತ್ತದೆ. 1892ರಲ್ಲಿ ಕಟ್ಟಿದ, ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ನೆರೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ.

ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಆ ವಾದಗಳಲ್ಲಿ ಗೋಡೆಯ ಬಲದ ಮಾತೇ ಹೆಚ್ಚು, ನಕ್ಷೆಯ ಮಾತು ಕಡಿಮೆ. ಹಳೆಯ ಕಮಾನಿನ ನಕಲು ಮಾಡಿ ಒಳಗೆ ಮಹಡಿ ಏರಿಸಿದರೆ ಅದು ದೇವರಾಜ ಮಾರುಕಟ್ಟೆಯಾಗುವುದಿಲ್ಲ. ಮುಂದೆ ಏನೇ ನಿರ್ಧಾರವಾಗಲಿ, ಒಂದು ಇಟ್ಟಿಗೆ ಕೀಳುವ ಮೊದಲು ಪ್ರತಿ ಓಣಿ, ಪ್ರತಿ ಜಗಲಿಯ ಅಳತೆ ತೆಗೆದು ದಾಖಲಿಸಿ, ಆ ನಕ್ಷೆಯನ್ನು ಜನರ ಕೈಗೂ ಸಿಗುವಂತೆ ಇಡಿ.