ಟೈಟ್ ಎಂಡ್ ಮಾಗುವ ಕಾಲ

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ತಂಡಗಳು ಕಾಲೇಜಿನ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2018ರ ಡ್ರಾಫ್ಟಿನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಇಬ್ಬರು ಟೈಟ್ ಎಂಡ್‌ಗಳನ್ನು ಆರಿಸಿಕೊಂಡಿತು. ಮೊದಲ ಸುತ್ತಿನಲ್ಲಿ, 25ನೆಯವನಾಗಿ ಹೇಡನ್ ಹರ್ಸ್ಟ್. ಮೂರನೇ ಸುತ್ತಿನಲ್ಲಿ, 86ನೆಯವನಾಗಿ ಮಾರ್ಕ್ ಆ್ಯಂಡ್ರೂಸ್. ಬೇಸ್‌ಬಾಲ್ ಆಡಿ, ಅದನ್ನು ಬಿಟ್ಟು ಫುಟ್‌ಬಾಲಿಗೆ ಬಂದ ಹರ್ಸ್ಟ್‌ಗೆ ಆಗಲೇ 24 ದಾಟಿತ್ತು. ಆ್ಯಂಡ್ರೂಸ್ ಇನ್ನೂ 22ರ ಹುಡುಗ. ಎರಡೇ ವರ್ಷದಲ್ಲಿ ಹರ್ಸ್ಟ್‌ನನ್ನು ಅಟ್ಲಾಂಟಾಕ್ಕೆ ಕಳಿಸಿದರು. ಆ್ಯಂಡ್ರೂಸ್ 2021ರಲ್ಲಿ ಪಾಸ್ ಹಿಡಿದು 1,361 ಗಜ ಗಳಿಸಿದ. ಹಗಲಿರುಳು ಇದೇ ಕೆಲಸ ಮಾಡುವ ತಂಡದ ಲೆಕ್ಕವೇ ಹೀಗೆ ತಲೆಕೆಳಗಾದರೆ, ನಿಜವಾದ ಆಟಗಾರರನ್ನು ಆರಿಸಿ, ಅವರ ಗಳಿಕೆಗೆ ಅಂಕ ಎಣಿಸುವ ಫ್ಯಾಂಟಸಿ ಲೀಗಿನ ಹವ್ಯಾಸಿಯ ಪಾಡೇನು?

ಅದರಲ್ಲೂ ಡೈನಾಸ್ಟಿ ಲೀಗಿನವನ ಪಾಡು. ಸಾಮಾನ್ಯ ಫ್ಯಾಂಟಸಿಯಲ್ಲಿ ವರ್ಷಕ್ಕೊಮ್ಮೆ ಹೊಸ ತಂಡ. ಡೈನಾಸ್ಟಿಯಲ್ಲಿ ಒಮ್ಮೆ ಆರಿಸಿಕೊಂಡ ಆಟಗಾರ ನೀವು ಮಾರುವ ತನಕ ನಿಮ್ಮವನೇ. ಹಾಗಾಗಿ 21ರ ಹುಡುಗನನ್ನು ನೋಡಿ ಅವನ 26ನೇ ವಯಸ್ಸನ್ನು ಊಹಿಸಬೇಕು. ಟೈಟ್ ಎಂಡ್ ವಿಷಯದಲ್ಲಿ ಈ ಊಹೆ ಯಾಕೆ ಇಷ್ಟು ಕಷ್ಟವೆಂದರೆ, ಅವನಿಗೆ ಎರಡು ಕೆಲಸ. 120 ಕೆಜಿ ತೂಗುವ ರಕ್ಷಣಾ ಆಟಗಾರನನ್ನು ಅಡ್ಡಗಟ್ಟಿ ನಿಲ್ಲಿಸಬೇಕು, ಮರುಕ್ಷಣ ಓಡಿ ಚೆಂಡು ಹಿಡಿಯಬೇಕು. ಕ್ರಿಕೆಟಿನ ವಿಕೆಟ್‌ಕೀಪರ್ ಇದ್ದಹಾಗೆ: ಕೋಚ್ ಮೊದಲು ನೋಡುವುದು ಗ್ಲೌಸಿನ ಕೆಲಸವನ್ನು, ಪ್ರೇಕ್ಷಕ ಎಣಿಸುವುದು ರನ್ನನ್ನು. ಫ್ಯಾಂಟಸಿಯಲ್ಲಿ ಅಡ್ಡಗಟ್ಟಿದ್ದಕ್ಕೆ ಅಂಕವಿಲ್ಲ.

ಚೆಂಡು ಹಿಡಿಯುವ ಟೈಟ್ ಎಂಡ್ ಹೊಸಬನೇನಲ್ಲ. ಷಿಕಾಗೋದ ಮೈಕ್ ಡಿಟ್ಕಾ 1961ರಲ್ಲೇ, ತನ್ನ ಮೊದಲ ವರ್ಷದಲ್ಲೇ 1,076 ಗಜ ಗಳಿಸಿದ್ದ. ಆದರೆ ಯುವಕರನ್ನು ಅಳೆಯುವ ಹುಚ್ಚಿಗೆ ಕಿಚ್ಚು ಹಚ್ಚಿದ್ದು ಬಾಸ್ಕೆಟ್‌ಬಾಲ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡೂ ಆಟ ಆಡಿದ್ದ ಟೋನಿ ಗೊನ್ಸಾಲೆಜ್ 1997ರಲ್ಲಿ ಬಂದ. ಕಾಲೇಜಿನಲ್ಲಿ ಫುಟ್‌ಬಾಲನ್ನೇ ಆಡದ ಆ್ಯಂಟೋನಿಯೊ ಗೇಟ್ಸ್‌ನನ್ನು 2003ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಮರುವರ್ಷ ಅವನು 13 ಟಚ್‌ಡೌನ್ ಹೊಡೆದ. ಜಿಮ್ಮಿ ಗ್ರಹಾಂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದು ಒಂದೇ ವರ್ಷ, 2011ರಲ್ಲಿ ಗಳಿಸಿದ್ದು 1,310 ಗಜ. ಎತ್ತರ, ಜಿಗಿತ, ಉದ್ದ ತೋಳು ಇದ್ದರೆ ಸಾಕು, ಆಟ ಕಲಿಸಬಹುದು ಎಂಬ ನಂಬಿಕೆ ಗಟ್ಟಿಯಾಯಿತು. ಅದನ್ನು ನಂಬಿ ಕೈಸುಟ್ಟುಕೊಂಡವರ ಲೆಕ್ಕ ಯಾರೂ ಇಟ್ಟಿಲ್ಲ.

ಗಡಿಯಾರದ ಮೇಲಿನ ಭಕ್ತಿಯೂ ಇದರ ಜೊತೆಗೇ ಬೆಳೆಯಿತು. 2006ರಲ್ಲಿ ವರ್ನನ್ ಡೇವಿಸ್ 40 ಗಜವನ್ನು 4.38 ಸೆಕೆಂಡಿನಲ್ಲಿ ಓಡಿ ಆರನೆಯವನಾಗಿ ಆಯ್ಕೆಯಾದ. ಫಲ ಸಿಕ್ಕಿದ್ದು 2009ರಲ್ಲಿ, ನಾಲ್ಕನೇ ವರ್ಷ. ಅಷ್ಟರಲ್ಲಿ ಡೈನಾಸ್ಟಿ ಲೀಗುಗಳಲ್ಲಿ ಸಹನೆಗೆಟ್ಟವರು ಅವನನ್ನು ಸಿಕ್ಕ ಬೆಲೆಗೆ ದಾಟಿಸಿಬಿಟ್ಟಿದ್ದರು. 2017ರ ಮೊದಲ ಸುತ್ತಿನಲ್ಲಿ ಬಂದ ಡೇವಿಡ್ ಎನ್‌ಜೋಕು ಒಂದು ಸೀಸನ್ನಿನಲ್ಲಿ 80 ಕ್ಯಾಚ್ ದಾಟಿದ್ದು ಏಳನೇ ವರ್ಷದಲ್ಲಿ.

ಆಮೇಲೆ ಕಾಲೇಜಿನ ಅಂಕಿಅಂಶಗಳ ಕಾಲ. ತಂಡದ ಒಟ್ಟು ಪಾಸ್ ಗಜಗಳಲ್ಲಿ ಇವನ ಪಾಲೆಷ್ಟು, ಎಷ್ಟನೇ ವಯಸ್ಸಿನಲ್ಲಿ ಮಿಂಚಿದ ಎಂಬ ಪ್ರಶ್ನೆಗಳು ಬಂದವು. ಆದರೆ ಚೆಂಡು ಹಿಡಿಯುವುದೇ ಮುಖ್ಯ ಕೆಲಸವಾದ ವೈಡ್ ರಿಸೀವರ್‌ಗಳಿಗೆ ಹೊಲಿದ ಈ ಅಂಗಿ ಟೈಟ್ ಎಂಡ್‌ಗೆ ಸರಿಯಾಗಿ ಕೂರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕಿಟಲ್ ಹಿಡಿದದ್ದು ಒಟ್ಟು 48 ಕ್ಯಾಚ್. ಐದನೇ ಸುತ್ತಿನವರೆಗೂ ಅವನನ್ನು ಯಾರೂ ಮುಟ್ಟಲಿಲ್ಲ. 2018ರಲ್ಲಿ, ಎರಡನೇ ವರ್ಷಕ್ಕೇ, ಅವನ ಗಳಿಕೆ 1,377 ಗಜ. ಅಯೋವಾದವರು ಓಟದ ಆಟವನ್ನೇ ನೆಚ್ಚಿದವರು, ಅಲ್ಲಿ ಚೆಂಡು ಬರುವುದೇ ಅಪರೂಪ. ಕಾಲೇಜಿನ ಆಟದ ಶೈಲಿ ನೋಡದೆ ಬರಿಯ ಸಂಖ್ಯೆ ನೋಡಿದವರಿಗೆ ಅವನು ಕಾಣಲೇ ಇಲ್ಲ.

ಈಗ ನಡೆದಿರುವುದು ರೂಟ್‌ಗಳ, ಅಂದರೆ ಪಾಸ್ ಹಿಡಿಯಲು ಓಡುವ ಓಟಗಳ ಎಣಿಕೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಪಾಸ್‌ಗೆ ನಿಂತಾಗ ಇವನು ಚೆಂಡಿಗಾಗಿ ಓಡಿದನೋ, ಅಡ್ಡಗಟ್ಟಲು ನಿಂತನೋ. ಓಡಿದ ಪ್ರತಿ ರೂಟಿಗೆ ಎಷ್ಟು ಗಜ. ನನ್ನ ಮಟ್ಟಿಗೆ ಈ ವಿದ್ಯೆಯಲ್ಲಿ ಬಂದ ನಿಜವಾದ ಮುನ್ನಡೆ ಇದೇ. ಟ್ರೇ ಮೆಕ್‌ಬ್ರೈಡ್‌ನನ್ನು ನೋಡಿ. 2022ರಲ್ಲಿ ಅರಿಜೋನಾ ಸೇರಿದಾಗ ಮುಂದೆ ಹಿರಿಯ ಝ್ಯಾಕ್ ಅರ್ಟ್ಸ್ ಇದ್ದ. ಆ ವರ್ಷ ಇವನಿಗೆ 29 ಕ್ಯಾಚ್. ಮರುವರ್ಷ ಅರ್ಟ್ಸ್ ಗಾಯಗೊಂಡು ಹೊರಗುಳಿದ, ಇವನ ಕ್ಯಾಚ್ 81ಕ್ಕೇರಿತು. 2024ರಲ್ಲಿ 111. ಜಾಗ ತೆರವಾಗಿ ರೂಟ್ ಓಡಲು ಅವಕಾಶ ಸಿಕ್ಕ ಕೂಡಲೇ ಚೆಂಡು ಇವನತ್ತ ತಿರುಗಿತು.

ಇತ್ತೀಚಿನ ಮೂವರು ಮಾತ್ರ ಕಾಯುವ ಗುಣವನ್ನೇ ಹಾಳುಮಾಡಿದ್ದಾರೆ. 2021ರಲ್ಲಿ ನಾಲ್ಕನೆಯವನಾಗಿ ಬಂದ ಕೈಲ್ ಪಿಟ್ಸ್‌ನಷ್ಟು ಮೇಲೆ ಯಾವ ಟೈಟ್ ಎಂಡ್ ಕೂಡ ಆಯ್ಕೆಯಾಗಿರಲಿಲ್ಲ. ಮೊದಲ ವರ್ಷ 1,026 ಗಜ, ಟಚ್‌ಡೌನ್ ಒಂದೇ, ಅದೂ ಲಂಡನ್ನಿನಲ್ಲಿ. ಮುಂದಿನ ಮೂರು ವರ್ಷ ಅದರ ಹತ್ತಿರವೂ ಬರಲಿಲ್ಲ. 2023ರಲ್ಲಿ ಡೆಟ್ರಾಯಿಟ್‌ನ ಸ್ಯಾಮ್ ಲಪೋರ್ಟಾ ಮೊದಲ ವರ್ಷವೇ 86 ಕ್ಯಾಚ್, 10 ಟಚ್‌ಡೌನ್ ಗಳಿಸಿದ. 2024ರಲ್ಲಿ ರೈಡರ್ಸ್‌ನ ಬ್ರಾಕ್ ಬವರ್ಸ್ 112 ಕ್ಯಾಚ್, 1,194 ಗಜ ಗಳಿಸಿ, ಮೊದಲ ವರ್ಷದ ಟೈಟ್ ಎಂಡ್‌ಗಳ ಗಜಗಳಲ್ಲಿ ಡಿಟ್ಕಾನ 63 ವರ್ಷಗಳ ದಾಖಲೆ ಮುರಿದ. ಡ್ರಾಫ್ಟಿಗೆ ಮುನ್ನ ಬವರ್ಸ್ 40 ಗಜದ ಓಟವನ್ನೇ ಓಡಿರಲಿಲ್ಲ ಎಂಬುದು ಗಡಿಯಾರದ ಭಕ್ತರಿಗೆ ಕಹಿ.

ಬವರ್ಸ್‌ನನ್ನು ಮಾದರಿ ಮಾಡಿಕೊಂಡು ಪ್ರತಿ ರೂಕಿಗೂ, ಅಂದರೆ ಮೊದಲ ವರ್ಷದ ಹುಡುಗನಿಗೂ, ಮೊದಲ ಸುತ್ತಿನ ಬೆಲೆ ತೆರುವವರು ಹೆಚ್ಚುತ್ತಿದ್ದಾರೆ. ಟೈಟ್ ಎಂಡ್‌ನ ಕ್ಯಾಚ್‌ಗೆ ಒಂದೂವರೆ ಅಂಕ ಕೊಡುವ ಲೀಗುಗಳಲ್ಲಿ ಇದು ಇನ್ನೂ ಜೋರು. ನನಗಿದು ದುಬಾರಿ ವ್ಯಾಪಾರವಾಗಿ ಕಾಣುತ್ತದೆ. ಡ್ರಾಫ್ಟಿನ ದಿನ ಕೊಳ್ಳುವುದಕ್ಕಿಂತ, ಮೊದಲ ವರ್ಷ 300 ಗಜವೂ ದಾಟದೆ ಯಜಮಾನನಿಗೆ ಬೇಸರ ತರಿಸಿದ, ಆದರೆ ಸೀಸನ್ನಿನ ಕೊನೆಯ ವಾರಗಳಲ್ಲಿ ಹೆಚ್ಚು ರೂಟ್ ಓಡತೊಡಗಿದ ಹುಡುಗನನ್ನು ಕೇಳಿ. ಜನವರಿ, ಫೆಬ್ರವರಿಯಲ್ಲಿ ಅವನು ಅಗ್ಗಕ್ಕೆ ಸಿಗುತ್ತಾನೆ.