ಮನಿಲಾ ನಗರದ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯ

ಏಷ್ಯಾ ಖಂಡದಲ್ಲಿ ಕಥೋಲಿಕರು ಅತ್ಯಧಿಕ ಸಂಖ್ಯೆಯಲ್ಲಿರುವ ರಾಷ್ಟ್ರ ಫಿಲಿಪ್ಪೀನ್ಸ್. ಅದರ ರಾಜಧಾನಿಯಾದ ಮನಿಲಾದಲ್ಲಿ ಪಾದ್ರೆ ಬುರ್ಗೋಸ್ ಎಂಬ ರಾಜಬೀದಿಯೊಂದುಂಟು. ಸ್ಪೇನಿನ ಆಡಳಿತವು ದಂಗೆಯ ಆರೋಪ ಹೊರಿಸಿ 1872ರ ಫೆಬ್ರವರಿ 17ರಂದು ಕತ್ತು ಬಿಗಿದು ಕೊಲ್ಲಿಸಿದ ಮೂವರು ಗುರುಗಳಲ್ಲಿ ಹೋಸೆ ಬುರ್ಗೋಸ್ ಒಬ್ಬರು. ಧರ್ಮಕೇಂದ್ರಗಳ ಹೊಣೆ ಸ್ವದೇಶೀ ಗುರುಗಳಿಗೂ ಸಲ್ಲಬೇಕೆಂದು ವಾದಿಸಿದ ಮಹನೀಯರವರು. ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯವಿರುವುದು ಈ ಬೀದಿಯಲ್ಲಿಯೇ. 1926ರಲ್ಲಿ ಶಾಸನಸಭೆಯ ಭವನವಾಗಿ ಆರಂಭಗೊಂಡು, 1945ರ ಯುದ್ಧದಲ್ಲಿ ಪಾಳಾಗಿ, ಮರಳಿ ಕಟ್ಟಲ್ಪಟ್ಟ ಸೌಧವದು. 2016ರಿಂದ ಅಲ್ಲಿ ಪ್ರವೇಶ ಶುಲ್ಕವೂ ಇಲ್ಲ.

ಹಿಂದೆ ಜನಪ್ರತಿನಿಧಿಗಳು ಸೇರುತ್ತಿದ್ದ ವಿಶಾಲ ಸಭಾಂಗಣದ ಗೋಡೆಯನ್ನು ಹುವಾನ್ ಲೂನಾ ಅವರ 'ಸ್ಪೋಲಿಯಾರಿಯಂ' ಆವರಿಸಿದೆ. ಎತ್ತರ ನಾಲ್ಕು ಮೀಟರಿಗೂ ಮಿಗಿಲು, ಅಗಲ ಏಳೂವರೆ ಮೀಟರಿಗೂ ಮಿಗಿಲು. ರೋಮಿನ ಅಖಾಡದಲ್ಲಿ ಮಡಿದ ಮಲ್ಲರ ಶವಗಳನ್ನು ಎಳೆತಂದು, ಮೈಮೇಲಿನದನ್ನೆಲ್ಲ ಸುಲಿಯುತ್ತಿದ್ದ ನೆಲಮಾಳಿಗೆಯ ದೃಶ್ಯವದು. 1884ರಲ್ಲಿ ಮ್ಯಾಡ್ರಿಡ್‌ನ ಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಸಂದಿತು. ರೋಮನ್ ಜನಜಂಗುಳಿಯ ಮುಂದೆ ತಂದು ನಿಲ್ಲಿಸಿದ ಕ್ರೈಸ್ತ ಕನ್ಯೆಯರನ್ನು ಚಿತ್ರಿಸಿದ ಫೆಲಿಕ್ಸ್ ಹಿಡಾಲ್ಗೊ ಅವರಿಗೆ ಅದೇ ಪ್ರದರ್ಶನದಲ್ಲಿ ಬೆಳ್ಳಿಯ ಪದಕ. ಆಳುವವರ ರಾಜಧಾನಿಯಲ್ಲಿಯೇ ಆಳಿಸಿಕೊಂಡವರ ಮಕ್ಕಳು ಗೆದ್ದರು! ಅವರಿಬ್ಬರ ಸನ್ಮಾನದ ಔತಣಕೂಟದಲ್ಲಿ ಭಾಷಣ ಮಾಡಿದ ಹೋಸೆ ರಿಸಾಲ್ 1896ರಲ್ಲಿ ಗುಂಡಿಗೆ ಬಲಿಯಾದರು. ಆ ಸ್ಥಳ ಈ ಸೌಧದ ಸಮೀಪದಲ್ಲಿಯೇ ಇದೆ. ಲೂನಾ ಅವರ ಚಿತ್ರವನ್ನು ಸ್ಪೇನ್ 1958ರಲ್ಲಿ ಫಿಲಿಪ್ಪೀನ್ಸಿಗೆ ಒಪ್ಪಿಸಿತು.

ಅದರ ಇದಿರು ಗೋಡೆಯಲ್ಲಿ ಹಿಡಾಲ್ಗೊ ಅವರ ಮತ್ತೊಂದು ಕೃತಿಯಿದೆ. ಗುರುವಾದವನು ಅದರ ಮುಂದೆ ನಿರಾಳವಾಗಿ ನಿಲ್ಲಲಾರ. 1719ರ ಅಕ್ಟೋಬರ್ 11ರಂದು ಮನಿಲಾದ ರಾಜ್ಯಪಾಲ ಬುಸ್ತಮಾಂತೆ ಕೊಲೆಯಾದ ಪ್ರಸಂಗವನ್ನು ಅದು ತೋರಿಸುತ್ತದೆ. ಅಂಗಿ ತೊಟ್ಟ ಮಠವಾಸಿಗಳೇ ಆತನನ್ನು ಮೆಟ್ಟಿಲುಗಳಿಂದ ಕೆಳಕ್ಕೆಳೆಯುತ್ತಿದ್ದಾರೆ. ಈ ರಾಜ್ಯಪಾಲ ಮಹಾಧರ್ಮಾಧ್ಯಕ್ಷರನ್ನು ಸೆರೆಯಲ್ಲಿಟ್ಟದ್ದು ನಿಜ. ರೊಚ್ಚಿಗೆದ್ದ ಗುಂಪು ಅರಮನೆಗೆ ನುಗ್ಗಿದ್ದೂ ನಿಜ. ಬಿಡುಗಡೆಗೊಂಡ ಮಹಾಧರ್ಮಾಧ್ಯಕ್ಷರೇ ಅನಂತರ ಆಡಳಿತ ವಹಿಸಿಕೊಂಡದ್ದೂ ನಿಜ. ಆದರೆ ಕೊಂದ ಕೈಗಳು ಮಠವಾಸಿಗಳವೇ ಎಂಬುದನ್ನು ಇತಿಹಾಸಕಾರರೆಲ್ಲರೂ ಒಪ್ಪುವುದಿಲ್ಲ. ಕಲಾವಿದರಿಗೆ ಯಾರೋ ತಪ್ಪು ಮಾಹಿತಿ ಕೊಟ್ಟರೆಂಬ ವಾದವೂ ಉಂಟು. ಹೀಗಿದ್ದರೂ ಒಂದು ಕಥೋಲಿಕ ಜನಾಂಗವು ಈ ಆರೋಪವನ್ನು ಮರೆಮಾಚದೆ ತನ್ನ ಪ್ರಧಾನ ಅಂಗಣದಲ್ಲಿಯೇ ತೂಗುಹಾಕಿದೆ. ಅದು ಸರಿಯಾದ ಕಾರ್ಯವೆಂದೇ ನಾನು ತಿಳಿದಿದ್ದೇನೆ.

ಇನ್ನು ಶಿಲ್ಪಗಳು. ಗಡೀಪಾರಾಗಿದ್ದಾಗ 1894ರಲ್ಲಿ ರಿಸಾಲ್ ಜೇಡಿಮಣ್ಣಿನಿಂದ ರೂಪಿಸಿದ, ಮರಿಯನ್ನು ಕಚ್ಚಿದ ಮೊಸಳೆಯ ಮೇಲೆರಗುವ ತಾಯಿನಾಯಿಯ ಪ್ರತಿಮೆ ಚಿಕ್ಕದು. ಅರ್ಥ ಮಾತ್ರ ದೊಡ್ಡದು. ಬೊಹೋಲ್ ದ್ವೀಪದ ದಿಮಿಯಾವೊ ದೇವಾಲಯದಿಂದ ಬಂದ, ಬಲಿಪೀಠದ ಹಿಂದೆ ನಿಲ್ಲಿಸುವ ಮರದ ಮಂಟಪವೂ ಇಲ್ಲಿದೆ. ಹಳೆಯ ಸಂತರ ಪ್ರತಿಮೆಗಳನ್ನು ಕೆತ್ತಿದವರಲ್ಲಿ ಬಹುಮಂದಿಯ ಹೆಸರು ಉಳಿದಿಲ್ಲ.

ದೇವಾಲಯದ ವಸ್ತು ಸಂಗ್ರಹಾಲಯಕ್ಕೆ ಸೇರಿದಾಗ ಅದು ಯಾರದು? ಸೆಬು ದ್ವೀಪದ ಕಡಲತೀರದಲ್ಲಿರುವ ಬೊಲ್ಹೊವೊನ್ ಎಂಬ ಧರ್ಮಕೇಂದ್ರದ ಜನರು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು. ಸಂತ ಅಗಸ್ಟೀನರನ್ನೂ ಅವರ ಸಭೆಯ ಸಂತರನ್ನೂ ಕೆತ್ತಿ ಬಣ್ಣ ಬಳಿದಿದ್ದ ಪ್ರಸಂಗಪೀಠದ ನಾಲ್ಕು ಫಲಕಗಳು 1980ರ ದಶಕದಲ್ಲಿ ಅವರ ದೇವಾಲಯದಿಂದ ಹೊರಬಿದ್ದು ಕಣ್ಮರೆಯಾಗಿದ್ದವು. 2024ರ ಫೆಬ್ರವರಿಯಲ್ಲಿ, ಖಾಸಗಿ ಸಂಗ್ರಾಹಕರ ಕೊಡುಗೆಯೆಂದು ಇದೇ ಸಂಗ್ರಹಾಲಯವು ಅವನ್ನು ಸಂತೋಷದಿಂದ ಪ್ರಕಟಿಸಿದಾಗ ಊರು ತನ್ನ ಸೊತ್ತನ್ನು ಗುರುತಿಸಿತು. ಇವು ಆರಾಧನೆಯ ಅಂಗಗಳು, ಇವನ್ನು ಮಾರುವ ಹಕ್ಕು ಯಾರಿಗೂ ಇರಲಿಲ್ಲ ಎಂದು ಸೆಬುವಿನ ಮಹಾಧರ್ಮಕ್ಷೇತ್ರ ಪಟ್ಟುಹಿಡಿಯಿತು. ತಾನು ಶುದ್ಧಮನಸ್ಸಿನಿಂದಲೇ ಸ್ವೀಕರಿಸಿದ್ದೆಂದು ಸಂಗ್ರಹಾಲಯ ಹೇಳಿಕೊಂಡಿತು. ಮಾತುಕತೆಗಳು ವರ್ಷಕ್ಕೂ ಮಿಗಿಲಾಗಿ ನಡೆದವು. ಕೊನೆಗೆ 2025ರ ಮಾರ್ಚ್ ತಿಂಗಳಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ, ಆ ನಾಲ್ಕು ಫಲಕಗಳು ಬೊಲ್ಹೊವೊನಿಗೆ ಮರಳಿದವು.